ಹೊರೆಯವ್ವನ ಗುಡ್ಡದೊಳಗೆ

ಹರಿಹರ, ಈಚೆ ದಂಡೆ
ಉರಿಮಾಸ ಮೂವತ್ತನಾಲ್ಕು, ೨೧೮೮

ಮಂದಾಕಿನಿ ಅಜ್ಜಿಯವರಿಗೆ ಕೊಟ್ರಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ, ಕ್ಷಮಿಸಿ. ಉರಿಮಾಸವೆಂಬುದು ಏಪ್ರಿಲ್, ಮೇ, ಜೂನ್ ತಿಂಗಳುಗಳಿಂದ ಒಂದಿಷ್ಟು ದಿನಗಳನ್ನು ಕಿತ್ತು ನಮ್ಮ ಹಿರಿಯರು ಕಟ್ಟಿದ ತಿಂಗಳು. ಆಗ ಹಗಲಿನಲ್ಲಿ ಯಾರೂ ಹೊರಗೆ ಕೆಲಸ ಮಾಡುವಂತಿಲ್ಲ. ಶಾಲೆ ಇಲ್ಲ, ಮದುವೆ ಇಲ್ಲ, ಸಂತೆ ಇಲ್ಲ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿಕೊಂಡು ಒಳಗೆ ಕುಳಿತು ಏನು ಮಾಡಬಹುದೋ ಅದನ್ನು ಮಾಡುವುದು. ನಮ್ಮ ಮನೆಯಲ್ಲಿ ಹೊಲಿಯುತ್ತೇವೆ. ನನ್ನ ಅಜ್ಜಿಯ ಮುತ್ತಜ್ಜಿ ನೀವು. ಆದರೆ ಈ ಕಾಗದ ನಿಮ್ಮನ್ನು ಮುಟ್ಟುವುದಾದರೆ ಆಗ ನಿಮಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರುತ್ತದೆ, ಬೆಂಗಳೂರಿನ ಯಾವುದೋ ಸಭಾಂಗಣದಲ್ಲಿ ನಡೆಯುವ ಆಟಗಾರರ ಮೇಳಕ್ಕೆಂದು ಯಾವುದೋ ವಿಡಿಯೋ ಗೇಮಿನ ಪಾತ್ರದ ಉಡುಪನ್ನು ನೀವೇ ಕೂತು ಹೊಲಿಯುತ್ತಿರುತ್ತೀರಿ. ಹಿಂದಕ್ಕೆ ಹೋಗುವ ಅಂಚೆ ನಮ್ಮ ಕಾಲದಲ್ಲೂ ಇಲ್ಲ. ಆದರೂ ಈಗಿನವರಿಗೆ ಬರೆಯಲಾಗದ್ದನ್ನು ಯಾರಿಗಾದರೂ ಬರೆಯಬೇಕಲ್ಲ.

ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಾವು ಉಡುವುದು ಎರಕದ ಬಟ್ಟೆ. ಅಂದರೆ ಅಂಗಡಿಯಲ್ಲಿ ನಮ್ಮ ಮೈಯಳತೆಗೆ ಹೊಯ್ದು ಕೊಡುವ, ಹೊಲಿಗೆಯೇ ಇಲ್ಲದ ತೆಳು ಹೊದಿಕೆ. ಹರಿದರೆ ಕರಗಿಸಿ ಮತ್ತೆ ಹೊಯ್ಯುತ್ತಾರೆ. ಅದು ತಂಪು, ಅಗ್ಗ. ಮೈಗೆ ಅಂಟಿಕೊಂಡು ಒಳಗೆ ಏನಿದ್ದರೂ ಹೊರಗೆ ತೋರಿಸುವುದೊಂದೇ ಅದರ ಕೆಟ್ಟ ಗುಣ. ನೇಯ್ದ ಬಟ್ಟೆ ಹಾಗಲ್ಲ. ಅದು ಇಳಿಬಿದ್ದು ಮುಚ್ಚುತ್ತದೆ. ಸೂಜಿ ದಾರ ಹಿಡಿಯುವವರು ನಮ್ಮೂರಿನಲ್ಲಿ ಈಗ ಬೆರಳೆಣಿಕೆಯಷ್ಟು ಜನ. ಅವರಲ್ಲಿ ಹೆಚ್ಚಿನವರು ವೇಷದವರು, ಎಂದರೆ ನಿಮ್ಮಂತೆಯೇ ಆಟದ ಪಾತ್ರಗಳ ಉಡುಪು ಹೊಲಿದುಕೊಂಡು ಮೇಳಕ್ಕೆ ಹೋಗುವವರು.

ನಮ್ಮ ಮೇಳ ಒಂದೇ ಆಟದ್ದು. ಆಟದ ಹೆಸರು ‘ಹೊತ್ತ ಊರು’. ಅದರಲ್ಲಿ ಹೊರೆಯವ್ವ ಎಂಬ ಮುದುಕಿ ಇದ್ದಾಳೆ. ಬೆನ್ನ ಮೇಲೆ ಒಂದು ಇಡೀ ಗುಡ್ಡವನ್ನು ಹೊತ್ತು, ಮರವಿಲ್ಲದ ಬಯಲಿನಲ್ಲಿ ನಡೆಯುತ್ತಿರುತ್ತಾಳೆ. ಎಲ್ಲಿ ಜನ ಬಿಸಿಲಿಗೆ ಸೋತು ಕೂತಿರುತ್ತಾರೋ ಅಲ್ಲಿ ಮೊಣಕಾಲೂರಿ ಗುಡ್ಡವನ್ನು ಇಳಿಸುತ್ತಾಳೆ. ಜನ ಅದರ ನೆರಳಿಗೆ ಒರಗಿ ದಣಿವಾರಿಸಿಕೊಳ್ಳುತ್ತಾರೆ. ಮತ್ತೆ ಎತ್ತಿಕೊಂಡು ಹೊರಡುತ್ತಾಳೆ. ಅಷ್ಟೇ ಆಟ. ಹೊಳೆಯ ಎರಡೂ ದಂಡೆಯ ಮಕ್ಕಳು, ಮುದುಕರು, ಕಾವಲಿನವರು, ಅಧಿಕಾರಿಗಳ ಹೆಂಡಿರು ಎಲ್ಲರೂ ಅದನ್ನು ಆಡುತ್ತಾರೆ. ಹಾಗೆಂದೇ ಎರಡು ವರ್ಷಕ್ಕೊಮ್ಮೆ, ಒಂದೇ ಒಂದು ದಿನ, ಮೇಳಕ್ಕಾಗಿ ಹೊಳೆಬಾಗಿಲನ್ನು ತೆರೆಯುತ್ತಾರೆ.

ಹೊಳೆಬಾಗಿಲು ಎಂದರೆ ತುಂಗಭದ್ರೆಯ ಸೇತುವೆಯ ನಡುವೆ ನಿಲ್ಲಿಸಿರುವ ತಡೆ. ಬತ್ತಿದ ಕೆರೆಗಳ ಧೂಳಿನಿಂದ ಹಬ್ಬಿದ ಬೂಷ್ಟುಕೆಮ್ಮು ಎಂಬ ಕಾಯಿಲೆಗೆ ಹೆದರಿ ಅದನ್ನು ಹಾಕಿದರು. ಮೂರು ತಿಂಗಳು ಎಂದಿದ್ದರು. ಕಾಯಿಲೆ ಎರಡು ವರ್ಷಕ್ಕೆ ಹೋಯಿತು, ಬಾಗಿಲು ಹೋಗಲಿಲ್ಲ. ಬಾಗಿಲಿಗೆ ಅಷ್ಟರಲ್ಲಿ ಕಚೇರಿಯಿತ್ತು, ಕಾವಲಿತ್ತು, ಎರಡು ದಂಡೆಗೂ ಬೇರೆ ಬೇರೆ ದಫ್ತರವಿತ್ತು. ಬಾಗಿಲು ಹಾಕಿದಾಗ ನನ್ನ ತಂಗಿ ದಾಕ್ಷಾಯಣಿ ಮದುವೆಯಾಗಿ ಆಚೆ ದಂಡೆಯ ರಾಣೆಬೆನ್ನೂರಿಗೆ ಹೋಗಿ ಎಂಟು ತಿಂಗಳಾಗಿತ್ತು. ಅವಳಿಗೂ ಅವಳ ಗಂಡನಿಗೂ ಕೆಮ್ಮು ಹತ್ತಿತು. ಅವಳು ಉಳಿದಳು, ಅವನು ಉಳಿಯಲಿಲ್ಲ. ಉಳಿದವರ ಹೆಸರಿನ ಮುಂದೆ ಅಲ್ಲಿಯವರು ‘ಬೂಷ್ಟುಮೈ’ ಎಂದು ಬರೆದರು. ಹಾಗೆ ಬರೆಸಿಕೊಂಡವರು ಯಾವ ಕಾರಣಕ್ಕೂ ಸೇತುವೆ ದಾಟುವಂತಿಲ್ಲ. ವಾಸಿಯಾದವರಿಂದ ಕಾಯಿಲೆ ಹರಡದೆಂದು ವೈದ್ಯರು ಎಷ್ಟು ಸಲ ಹೇಳಿದರೂ ಆ ಬರಹವನ್ನು ಯಾರೂ ಅಳಿಸಲಿಲ್ಲ.

ಮೊದಲ ಮೇಳಗಳೆಲ್ಲ ಈಚೆ ದಂಡೆಯಲ್ಲೇ ನಡೆದವು, ಅವಳು ದಾಟಿ ಬರುವಂತಿರಲಿಲ್ಲ. ಅವಳನ್ನು ನಾನು ನೋಡುತ್ತಿದ್ದುದು ಆಟದೊಳಗೆ ಮಾತ್ರ. ಅವಳ ಹೊರೆಯವ್ವ, ನನ್ನ ಹೊರೆಯವ್ವ, ಇಬ್ಬರೂ ಬಯಲಿನಲ್ಲಿ ಅಕ್ಕಪಕ್ಕ ನಡೆಯುತ್ತಿದ್ದೆವು. ಮಾತನ್ನು ಬಾಗಿಲಿನವರು ಕೇಳಿಸಿಕೊಳ್ಳುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಊಟವಾಯಿತೇ, ಬಿಸಿಲು ಹೇಗಿದೆ ಎಂಬುದರ ಆಚೆ ಮಾತಿರಲಿಲ್ಲ. ಹತ್ತು ವರ್ಷದ ಹಿಂದೆ, ಮೊದಲ ಬಾರಿಗೆ ಆಚೆ ದಂಡೆಯಲ್ಲಿ ನಡೆಯಲಿದ್ದ ಮೇಳಕ್ಕೆ ನಾಲ್ಕು ತಿಂಗಳಿರುವಾಗ, ಒಂದು ಸಂಜೆ ಅವಳ ಹೊರೆಯವ್ವ ನಡೆಯುವುದನ್ನು ನಿಲ್ಲಿಸಿ ನನ್ನ ಗುಡ್ಡದ ಸುತ್ತ ಒಂದು ಸುತ್ತು ಬಂದಳು.

“ಅಕ್ಕಾ, ಈ ಸಲ ಮೇಳಕ್ಕ ನೀನೂ ಹೊರೆಯವ್ವನ ವೇಷಾನ ಹೊಲಿ. ಗುಡ್ಡ ದೊಡ್ಡದಿರಲಿ,” ಎಂದಳು. ಆಮೇಲೆ ಆಟದ ನೆಲದ ಮೇಲೆ ಒಂದೊಂದೇ ಕಲ್ಲಿಟ್ಟು ಸಾಲು ಮಾಡಿದಳು. ನಾನು ಎಣಿಸಿದೆ. ನಲವತ್ತೆರಡು.

ಎರಡು ದಿನ ನನಗೆ ಅರ್ಥವಾಗಲಿಲ್ಲ. ಮೂರನೆಯ ದಿನ ಅನ್ನ ಬಸಿಯುತ್ತ ನಿಂತಿದ್ದಾಗ ಹೊಳೆಯಿತು. ಬಾಗಿಲಿನಲ್ಲಿ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಮ್ಮನ್ನು ತೂಗುತ್ತಾರೆ. ಎರಡು ತೂಕಕ್ಕೂ ಎರಡು ಕಿಲೋಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವೇಷ ಬಿಚ್ಚಿಸುತ್ತಾರೆ. ಹೋಗುವಾಗ ಗುಡ್ಡದೊಳಗೆ ನಲವತ್ತೆರಡು ಕಿಲೋ ಮರಳಿದ್ದು, ಬರುವಾಗ ಅದರ ಜಾಗದಲ್ಲಿ ನಲವತ್ತೆರಡು ಕಿಲೋ ತಂಗಿ ಇದ್ದರೆ ತೂಕ ಸರಿಹೋಗುತ್ತದೆ. ಹಂಡೆಯಂತಿದ್ದ ನನ್ನ ದಾಕ್ಷಿ ನಲವತ್ತೆರಡು ಕಿಲೋಗೆ ಇಳಿದಿದ್ದಾಳೆ ಎಂಬುದು ಆಮೇಲೆ ತಿಳಿದು, ಅನ್ನದ ತಪ್ಪಲೆಯನ್ನು ಕೆಳಗಿಟ್ಟು ಕುಳಿತೆ.

ಗಂಡ ಹಾಲೇಶನಿಗೆ ಹೇಳಿದೆ.

“ಸಿಕ್ಕಿಬಿದ್ರೆ ಏನಾಗುತ್ತೆ ಗೊತ್ತೈತಾ? ಅವಳ ಜೊತೆ ನಿನ್ ಹೆಸರಿಗೂ ಬೂಷ್ಟುಮೈ ಅಂತ ಬರೀತಾರೆ. ಇಬ್ರೂ ಆಚೆನೇ ಉಳೀತೀರಿ.”

“ಗೊತ್ತೈತೆ.”

“ನಲವತ್ತೆರಡು ಕಿಲೋ ಹೊತ್ಕೊಂಡು ಸೇತುವೆ ದಾಟ್ತೀಯಾ ನೀನು?”

“ಅವಳು ಚಿಕ್ಕೋಳಿದ್ದಾಗ ಹೊತ್ಕೊಂಡು ತಿರುಗಿಲ್ವಾ?”

“ಆಗ ಅವಳಿಗೆ ಎರಡು ವರ್ಷ ಕಣೇ,” ಎಂದು ಅವನು ಎದ್ದು ಹೋದ. ಸಂಜೆಗೆ ಬರುವಾಗ ಹೆಗಲ ಮೇಲೆ ಬೆತ್ತದ ಕಟ್ಟು ಇತ್ತು. ಬುಟ್ಟಿ ಹೆಣೆಯುವ ಮನೆತನದವನು ಅವನು. ಬೆತ್ತ ನೆನೆಸಿ, ಬಾಗಿಸಿ, ಗುಡ್ಡದ ಪಕ್ಕೆಲುಬುಗಳನ್ನು ಅವನೇ ಕಟ್ಟಿದ.

ಆ ಉರಿಮಾಸವೆಲ್ಲ ನಾನು ಹೊಲಿದೆ. ಗುಡ್ಡದ ಮೈಯನ್ನು ಕೌದಿಯಂತೆ ತೇಪೆ ಸೇರಿಸಿ ಮಾಡಿದೆ. ಹಳೆಯ ಪರದೆ, ಅಜ್ಜಿಯ ಕಾಲದ ಇಳಕಲ್ ಸೀರೆಯ ಚೂರು, ಯಾರದೋ ಪಂಚೆ, ಗೋಣಿತಾಟು. ಹಸಿರು ತೇಪೆಗಳು ಹೊಲ, ಕಂದು ತೇಪೆಗಳು ಬೀಳುಬಿದ್ದ ನೆಲ, ನೀಲಿಯ ಒಂದು ಸಣ್ಣ ಪಟ್ಟಿ ಹಳ್ಳ. ನೆತ್ತಿಯ ಮೇಲೆ ಆಟದಲ್ಲಿರುವಂತೆಯೇ ಒಂದು ಪುಟ್ಟ ಮನೆ, ಅದರ ಕಿಟಕಿಗೆ ಸೊಳ್ಳೆಪರದೆಯ ಬಟ್ಟೆ. ಉಸಿರಿಗೆ ಅದೇ ದಾರಿ. ಬೆತ್ತ ಕಿರುಗುಟ್ಟಬಾರದೆಂದು ಒಂದೊಂದು ಬಳೆಗೂ ಬಟ್ಟೆಯ ಕೊಳವೆ ಹೊಲಿದು ತೊಡಿಸಿದೆ. ಒಳಗೆ ಜೋಡಿ ದಪ್ಪಬಟ್ಟೆಯ ಜೋಲಿ. ಇಡೀ ಭಾರ ಬೀಳುವುದು ಜೋಲಿಯನ್ನು ನನ್ನ ಹೆಗಲ ಪಟ್ಟಿಗೆ ಸೇರಿಸುವ ಎರಡು ಜಾಗಗಳ ಮೇಲೆ. ಅಲ್ಲಿ ಚೌಕಾಕಾರಕ್ಕೆ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಅಡ್ಡ ಗೀಟು ಹಾಕುವ ಹೊಲಿಗೆ ಇದೆಯಲ್ಲ, ನಮ್ಮ ಮನೆಯಲ್ಲಿ ಅದಕ್ಕೆ ನಿಮ್ಮ ಹೆಸರೇ ಇದೆ. ನಿಮ್ಮ ಯಾವ ವೇಷಕ್ಕೆ ಅಷ್ಟು ಗಟ್ಟಿ ಹೊಲಿಗೆ ಬೇಕಾಯಿತೋ ನಮಗೆ ಯಾರಿಗೂ ತಿಳಿಯದು.

ಮರಳನ್ನು ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿ, ವಾರಕ್ಕಿಷ್ಟು ಹೆಚ್ಚಿಸುತ್ತ, ಮನೆಯೊಳಗೆ ಅಡುಗೆಮನೆಯಿಂದ ಪಡಸಾಲೆಗೆ ನಡೆದು ಅಭ್ಯಾಸ ಮಾಡಿದೆ. ಮೊದಲ ವಾರ ಬೆನ್ನು ನೋವಿಗೆ ಮಲಗಲಾಗಲಿಲ್ಲ. ನಲವತ್ತೆರಡು ತಲುಪುವ ಹೊತ್ತಿಗೆ ನನ್ನ ನಡಿಗೆಯೇ ಬದಲಾಗಿತ್ತು. ನೀರು ತರಲು ಹೋದಾಗ ಪಕ್ಕದ ಮನೆಯವರು, “ಏನವ್ವ, ಹೊರೆಯವ್ವನ ಹಂಗೇ ನಡೀತೀಯಲ್ಲ,” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮೇಳದ ದಿನ ಬೆಳಗ್ಗೆ ಮೋಡ ಕವಿದಿತ್ತು. ಸೇತುವೆಯ ಮೇಲೆ ವೇಷದವರ ಸಾಲು: ಕೊಡೆಯ ತಲೆಯ ಕಾವಲುಗಾರರು, ಮೀನುಬಾಲದ ಮಕ್ಕಳು, ನನ್ನ ಹಾಗೆಯೇ ಗುಡ್ಡ ಹೊತ್ತ ಇನ್ನಿಬ್ಬರು. ಅವರ ಗುಡ್ಡಗಳು ಎರಕದವು, ಬಲೂನಿನಂತೆ ಹಗುರ. ಬಾಗಿಲಿನಲ್ಲಿ ನನ್ನ ಸರದಿ ಬಂದಾಗ ತೂಕದ ಹಲಗೆಯ ಮುಳ್ಳು ಓಡಿದ ಓಟಕ್ಕೆ ಆಚೆ ದಂಡೆಯ ಕಾವಲಿನವನು ಹುಬ್ಬೇರಿಸಿದ. ದಪ್ಪ ಮೀಸೆಯ ಆಳು, ಎದೆಯ ಮೇಲೆ ಫಕೀರಪ್ಪ ಎಂದು ಹೆಸರಿತ್ತು.

“ಏನವ್ವಾ, ಖರೇನ ಗುಡ್ಡ ಹೊತ್ತಿಯೇನು?”

“ಮರಳು ತುಂಬೀನಣ್ಣ. ಭಾರ ಇಲ್ದಿದ್ರೆ ಹೊರೆಯವ್ವನ ನಡಿಗೆ ಬರಲ್ಲ.”

ಗುಡ್ಡದ ಪಕ್ಕದ ಬಾಯಿಯನ್ನು ಬಿಚ್ಚಿಸಿ ಕೈಯನ್ನು ಮೊಣಕೈಯವರೆಗೂ ತೂರಿಸಿದ. ಒಂದು ಚೀಲ ಎಳೆದು ನೋಡಿ, ಮತ್ತೆ ಒಳಗಿಟ್ಟ. “ನಮ್ಮವ್ವ ಹಾಸಿಗಿ ಹಿಡದ ಮ್ಯಾಲೆ ಇದ ಆಟ ಆಡತಿದ್ಲು,” ಎಂದ, ನನಗೋ ತನಗೋ ತಿಳಿಯದಂತೆ. ತೂಕ ಬರೆದುಕೊಂಡು ಬಿಟ್ಟ.

ಮೇಳ ನಡೆಯುತ್ತಿದ್ದುದು ಆಚೆ ದಂಡೆಯ ಹಳೆಯ ಗೋದಾಮಿನಲ್ಲಿ. ವೇಷ ಸರಿಮಾಡಿಕೊಳ್ಳಲು ಹೆಂಗಸರಿಗೆಂದು ಹಲಗೆ ಅಡ್ಡವಿಟ್ಟ ಸಣ್ಣ ಕೋಣೆಗಳಿದ್ದವು. ಮಧ್ಯಾಹ್ನದ ಮೆರವಣಿಗೆಗೆ ಎಲ್ಲರೂ ಹೊರಟ ಹೊತ್ತಿನಲ್ಲಿ ಕೊನೆಯ ಕೋಣೆಗೆ ಹೋಗಿ ಗುಡ್ಡ ಇಳಿಸಿ ಕುಳಿತೆ. ಬಾಗಿಲು ಸರಿದು ದಾಕ್ಷಿ ಒಳಗೆ ಬಂದಳು. ಎಂಟು ವರ್ಷ. ಕೆನ್ನೆಯ ಮೂಳೆ ಎದ್ದಿತ್ತು, ಮುಂದಲೆ ಬೆಳ್ಳಗಾಗಿತ್ತು. ನಾನು ಅವಳನ್ನು ಹಿಡಿದುಕೊಳ್ಳಬೇಕೆನ್ನುವಷ್ಟರಲ್ಲಿ ಅವಳ ಸೆರಗಿನ ಹಿಂದಿನಿಂದ ಒಂದು ಮಗು ಇಣುಕಿತು.

“ಯಾರೇ ಇದು?”

“ನನ್ನ ಮಗಳಕ್ಕ. ನೀಲಾಂಬಿಕೆ. ನೀಲಿ ಅಂತೀನಿ. ಅವರು ಹೋದಾಗ ನನ್ನ ಹೊಟ್ಟ್ಯಾಗಿದ್ಲು.”

ಎಂಟು ವರ್ಷ ಊಟವಾಯಿತೇ ಎಂದು ಕೇಳುತ್ತ ನಡೆದಿದ್ದೆವು. ಆ ಎಂಟು ವರ್ಷದಲ್ಲಿ ಒಂದು ಮಗು ಹುಟ್ಟಿ, ನಡೆದು, ಮಾತು ಕಲಿತು, ಮುಂದಿನ ಎರಡು ಹಲ್ಲು ಬೀಳಿಸಿಕೊಂಡಿತ್ತು. ನನಗೆ ಗೊತ್ತಿರಲಿಲ್ಲ.

“ಇಬ್ರನ್ನೂ ಹೊರೋಕಾಗಲ್ಲ ದಾಕ್ಷಿ. ಜೋಲಿ ತಡೆಯಲ್ಲ, ತೂಕಾನೂ...”

“ಇಬ್ಬರಲ್ಲ. ಅಕೀ ಒಬ್ಬಾಕಿನ ಒಯ್ಯಿ.”

ನಾನು ಆಗದೆಂದೆ. ಅವಳು ನನ್ನ ಬಾಯಿಯ ಮೇಲೆ ಕೈಯಿಟ್ಟಳು. ಮೆಲ್ಲಗೆ, ಗಡಿಬಿಡಿಯಲ್ಲಿ ಹೇಳಿದಳು: ಬೂಷ್ಟುಮೈ ತಾಯಂದಿರ ಮಕ್ಕಳಿಗೆ ಏಳು ತುಂಬುತ್ತಲೇ ಅವರನ್ನು ಗುಡ್ಡಗಾಡಿನ ಗಾಳಿಬೀಡು ಎಂಬ ವಸತಿಗೆ ಒಯ್ಯುತ್ತಾರೆ. ಒಳ್ಳೆಯ ಗಾಳಿ, ಒಳ್ಳೆಯ ಶಾಲೆ ಎನ್ನುತ್ತಾರೆ. ವರ್ಷಕ್ಕೊಮ್ಮೆ ಗಾಜಿನಾಚೆಯಿಂದ ತೋರಿಸುತ್ತಾರೆ. ದೊಡ್ಡವರಾದ ಮೇಲೂ ಅಲ್ಲಿಂದ ಯಾರೂ ಊರಿಗೆ ಬಂದದ್ದಿಲ್ಲ. ನೀಲಿಗೆ ಏಳು ತುಂಬಲು ಮೂರು ತಿಂಗಳಿತ್ತು.

“ಆಟದಾಗ ಹದಿನೆಂಟು ಕಲ್ಲು ಇಟ್ಟಿದ್ರ ಕೂಸಿನ ತೂಕ ಅಂತ ಯಾರಿಗಾದ್ರೂ ತಿಳೀತಿತ್ತು. ಅದಕ್ಕ ನನ್ನ ತೂಕ ಇಟ್ಟೆ. ನೀ ಬ್ಯಾರೆ ಮಾತಾಡಬ್ಯಾಡಕ್ಕ. ಮೆರವಣಿಗಿ ಮುಗದ್ರ ಎಲ್ಲಾರೂ ಒಳಗ ಬರ್ತಾರ.”

ಅವಳೇ ಹದಿನೆಂಟು ಕಿಲೋ ಮರಳಿನ ಚೀಲಗಳನ್ನು ಹೊರಗೆ ತೆಗೆದು ತನ್ನ ಸೀರೆಯ ಗಂಟಿನಲ್ಲಿ ಕಟ್ಟಿದಳು. ಮಗುವನ್ನು ಜೋಲಿಯ ಒಳಬದಿಗೆ ಕೂರಿಸಿದಳು, ಉಳಿದ ಚೀಲಗಳನ್ನು ಬಾಯಿಯ ಕಡೆಗೆ ಜೋಡಿಸಿದಳು. ಮಗಳ ತಲೆಗೂದಲನ್ನು ಒಮ್ಮೆ ಮೂಸಿದಳು, ಅಷ್ಟೇ. ನೀಲಿಗೆ ಅದೆಲ್ಲ ಆಟವೇ. ಒಳಗಿನಿಂದ ಅವಳ ಪಿಸುಮಾತು ಕೇಳಿತು: “ದೊಡ್ಡವ್ವಾ, ಆಚಿ ದಂಡಿ ಬರೂತನಕ ನಾ ಮಾತಾಡಂಗಿಲ್ಲ, ಹೌದಿಲ್ಲೋ?”

“ಹೌದವ್ವ.”

“ಕೆಮ್ಮಂಗೂ ಇಲ್ಲ.”

ಬಾಗಿಲಿನಲ್ಲಿ ಕೆಮ್ಮಿದವರನ್ನು ಅಲ್ಲಿಯೇ ಪಕ್ಕಕ್ಕೆ ಕರೆದೊಯ್ಯುತ್ತಾರೆ. ಅದನ್ನು ಆರು ವರ್ಷದ ಮಗುವಿಗೂ ಕಲಿಸಿದ್ದರು. ದಾಕ್ಷಿ ಗುಡ್ಡದ ಬಾಯಿಯನ್ನು ತಾನೇ ಹೊಲಿದು ಮುಚ್ಚಿದಳು, ಬಿಚ್ಚಲು ಸುಲಭವಾಗುವಂತೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆಯಲ್ಲಿ. ದಾರವನ್ನು ಹಲ್ಲಿನಿಂದ ಕಡಿದು, ಹಿಂತಿರುಗಿ ನೋಡದೆ ಹೊರಟುಹೋದಳು.

ಸಂಜೆಯ ಸಾಲು ಬೆಳಗಿನದಕ್ಕಿಂತ ಉದ್ದವಿತ್ತು. ಮೋಡ ಚದುರಿ ಬಿಸಿಲು ಬಿದ್ದಿತ್ತು. ಸೇತುವೆಯ ಕಾಂಕ್ರೀಟು ಕಾದ ಹೆಂಚಿನಂತೆ ಕಾಲಿಗೆ ತಾಗುತ್ತಿತ್ತು. ಮರಳು ಒಂದೇ ಜಾಗದಲ್ಲಿ ಕೂತಿರುತ್ತದೆ, ಮಗು ಹಾಗಲ್ಲ. ಅವಳು ಒಮ್ಮೆ ಮೈ ಸರಿಸಿದರೆ ಇಡೀ ಭಾರ ಎಡ ಹೆಗಲಿಗೆ ಬರುತ್ತಿತ್ತು. ಸಾಲು ಸರಿಯುತ್ತ ಬಾಗಿಲಿಗೆ ಹತ್ತು ಮಾರು ಉಳಿದಾಗ ನಿಂತುಬಿಟ್ಟಿತು. ಮುಂದೆ ಯಾರದೋ ವೇಷ ಬಿಚ್ಚಿಸುತ್ತಿದ್ದರು. ಮೇಜಿನ ಹಿಂದೆ ಬೆಳಗ್ಗೆ ಇಲ್ಲದ ಒಬ್ಬ ಸಾಹೇಬರು ಕುರ್ಚಿ ಹಾಕಿಕೊಂಡು ಕುಳಿತಿದ್ದರು.

ಫಕೀರಪ್ಪ ಸಾಲಿನ ಉದ್ದಕ್ಕೂ ತಿರುಗುತ್ತ ಬಂದವನು ನನ್ನ ಮುಂದೆ ನಿಂತ. ಮುಖ ಬೆವರಿಗೆ ಹೊಳೆಯುತ್ತಿತ್ತು.

“ಹೊರೆಯವ್ವಾ, ಗುಡ್ಡ ಇಳಸು. ಒಂದ ಸಲ ಒರಗತೀನಿ.”

ಆಟವಾಡುವವರು ಹೊರೆಯವ್ವನ ವೇಷದವರನ್ನು ಹೀಗೆ ಕೇಳುವುದು ವಾಡಿಕೆ, ಕೇಳಿದರೆ ಇಲ್ಲವೆನ್ನುವಂತಿಲ್ಲ. ಹಿಂದೆ ಮುಂದೆ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು. “ಇಳಸವ್ವ, ಇಳಸು!” ಎಂದರು. ನಾನು ಒಂದು ಮೊಣಕಾಲನ್ನು ಊರಿದೆ, ಇನ್ನೊಂದನ್ನು ಊರಿದೆ. ಹಿಂದಕ್ಕೆ ವಾಲುತ್ತ ಗುಡ್ಡವನ್ನು ನೆಲಕ್ಕೆ ಮುಟ್ಟಿಸುವಾಗ ಎಡ ಹೆಗಲ ಹಿಂದೆ ‘ಟಪ್’ ಎಂದಿತು. ದಾರ ಕಡಿದ ಸದ್ದು. ಹೊಲಿಯುವವರಿಗೆ ಮಾತ್ರ ಕೇಳಿಸುವಂಥದ್ದು. ಆಮೇಲೆ ಇನ್ನೊಂದು.

ಫಕೀರಪ್ಪ ಟೋಪಿ ತೆಗೆದು, ಗುಡ್ಡದ ಹಸಿರು ತೇಪೆಗಳ ಮೇಲೆ ಬೆನ್ನು ಆನಿಸಿ ನೆಲಕ್ಕೆ ಕುಳಿತ. ಅವನ ಬೆನ್ನಿಗೂ ನೀಲಿಯ ಮೈಗೂ ನಡುವೆ ಎರಡು ಪದರ ಬಟ್ಟೆ, ಒಂದು ಬೆತ್ತ. ಅವನು ಕಣ್ಣು ಮುಚ್ಚಿದ. ನಾನು ಮುಂದೆ ನೋಡುತ್ತ, ಮೊಣಕಾಲಿನ ಕೆಳಗಿನ ಉರಿಯನ್ನು ಎಣಿಸದೆ, ಹೊಳೆಯ ಕಡೆಗೇ ದೃಷ್ಟಿಯಿಟ್ಟು ಕುಳಿತೆ. ಗುಡ್ಡದೊಳಗಿನಿಂದ ಒಂದು ಸಣ್ಣ ಅದುರು ಬಂತು. ಹಳೆಯ ಹತ್ತಿಯ ಧೂಳು ಮೂಗಿಗೆ ಹತ್ತಿರಬೇಕು. ನೀಲಿ ಕೆಮ್ಮನ್ನು ಬಾಯಿಯೊಳಗೇ ಹಿಡಿದು ನುಂಗಿದಳು. ಆ ನುಂಗುವಿಕೆ ನನ್ನ ಬೆನ್ನಿಗೆ ತಿಳಿಯಿತು. ನನ್ನ ಬೆನ್ನಿಗೆ ತಿಳಿದದ್ದು ಅವನ ಬೆನ್ನಿಗೂ ತಿಳಿಯಿತು.

ಅವನ ಕಣ್ಣು ತೆರೆಯಿತು. ಅವನು ಏಳಲಿಲ್ಲ. ಕೈಯನ್ನು ನಿಧಾನವಾಗಿ ಹಿಂದಕ್ಕೆ ತಂದು ಅಂಗೈಯನ್ನು ತೇಪೆಯ ಮೇಲಿಟ್ಟ. ಅದು ಎಷ್ಟು ಹೊತ್ತು ಅಲ್ಲಿತ್ತೋ ನನಗೆ ಗೊತ್ತಿಲ್ಲ. ನಾನು ಮನಸ್ಸಿನಲ್ಲಿ ಹಾಲೇಶನಿಗೆ ಹೇಳಬೇಕಾದ ಮಾತುಗಳನ್ನೆಲ್ಲ ಹೇಳಿ ಮುಗಿಸಿದ್ದೆ. ಆಮೇಲೆ ಅವನು ಎದ್ದು ನಿಂತು, ಟೋಪಿ ಹಾಕಿಕೊಂಡು, ಎಲ್ಲರಿಗೂ ಕೇಳುವಂತೆ, “ಆತು, ಆತು, ಸಾಲು ಸರೀರಿ,” ಎಂದು ಕೂಗಿದ. ನನಗೆ ಏಳಲಾಗಲಿಲ್ಲ. ಬಲಗೈಯನ್ನು ಗುಡ್ಡದ ಕೆಳಗೆ ಕೊಟ್ಟು ಅವನೇ ಎತ್ತಿದ. ನಾನು ನಿಂತೆ. ಎಡ ಹೆಗಲ ಹೊಲಿಗೆಯಲ್ಲಿ ಚೌಕದ ಒಂದು ಬದಿ ಪೂರ್ತಿ ಬಿಟ್ಟಿತ್ತು. ಒಳಗಿನ ಅಡ್ಡ ಗೀಟುಗಳು ಮಾತ್ರ ಹಿಡಿದುಕೊಂಡಿದ್ದವು. ಕಾಲ ಬಳಿ ಸಣ್ಣಗೆ ಏನೋ ಸುರಿಯುತ್ತಿತ್ತು. ನೋಡಿದರೆ ಮರಳು. ಜೋಲಿ ಓರೆಯಾಗಿ, ಒಂದು ಚೀಲ ಬೆತ್ತದ ತುದಿಗೆ ಸಿಕ್ಕಿ ಹರಿದಿತ್ತು.

ತೂಕದ ಹಲಗೆಯವರೆಗೆ ಹತ್ತು ಮಾರು. ಪ್ರತಿ ಹೆಜ್ಜೆಗೂ ಮರಳು ಇಳಿಯುತ್ತಿತ್ತು. ಹಲಗೆ ಹತ್ತಿದೆ. ಮುಳ್ಳು ಬೆಳಗಿನ ಗುರುತಿಗಿಂತ ನಾಲ್ಕು ಕಿಲೋ ಕೆಳಗೆ ನಿಂತಿತು. ಸಾಹೇಬರು ತೂಕದ ಕಡೆ ನೋಡಲು ಕನ್ನಡಕ ಹಾಕಿಕೊಳ್ಳುತ್ತಿದ್ದರು. ಫಕೀರಪ್ಪ ನನ್ನ ಪಕ್ಕಕ್ಕೆ ಬಂದು, ಗುಡ್ಡದ ಬಾಯಿಯನ್ನು ಪರೀಕ್ಷಿಸುವವನಂತೆ ಬಾಗಿ, ತನ್ನ ಬೂಟುಗಾಲಿನ ತುದಿಯನ್ನು ಹಲಗೆಯ ಅಂಚಿನ ಮೇಲೆ ಊರಿದ. ಮುಳ್ಳು ಏರಿತು, ಸ್ವಲ್ಪ ಹೆಚ್ಚೇ ಏರಿತು, ಮತ್ತೆ ಇಳಿದು ನಿಂತಿತು.

“ಎಷ್ಟೋ?” ಎಂದರು ಸಾಹೇಬರು.

“ಮುಂಜಾನಿದ್ದಷ್ಟ ಐತ್ರಿ.”

“ಒಳಗೇನೈತಿ ನೋಡಿದೇನು?”

“ಉಸುಕ್ರಿ ಸಾಹೇಬ್ರ. ಮುಂಜಾನಿನೂ ನೋಡೀನಿ, ಈಗೂ ನೋಡಿದೆ.” ಅವನು ಕಾಲು ತೆಗೆಯುವ ಮೊದಲೇ ನನ್ನ ರಟ್ಟೆ ಹಿಡಿದು ಹಲಗೆಯಿಂದ ಇಳಿಸಿದ. ಕಿವಿಯ ಹತ್ತಿರ ಬಾಗಿ, “ಲಗೂನ ಹೋಗವ್ವಾ, ನಿನ್ನ ಗುಡ್ಡ ಭಾಳ ಬಿಸಿ ಆಗೇತಿ,” ಎಂದ.

ಸೇತುವೆಯ ಉಳಿದರ್ಧವನ್ನು ಹೇಗೆ ನಡೆದೆನೋ ನೆನಪಿಲ್ಲ. ಈಚೆ ತುದಿಯಲ್ಲಿ ಹಾಲೇಶ ಕೈಗಾಡಿ ಹಿಡಿದು ನಿಂತಿದ್ದ. ಮನೆಯ ಬಾಗಿಲು ಹಾಕಿ, ದಾಕ್ಷಿ ಹಾಕಿದ ಕಚ್ಚಾ ಹೊಲಿಗೆಯನ್ನು ಒಂದೇ ಎಳೆತಕ್ಕೆ ಬಿಚ್ಚಿದಾಗ, ದಾಕ್ಷಿ ಹೊರಬರುತ್ತಾಳೆಂದು ಕಾದಿದ್ದವನ ಕೈಗೆ ಬೆವರಿನಲ್ಲಿ ತೊಯ್ದ ಮಗು ಸಿಕ್ಕಿತು. ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ. ನೀಲಿ ಎರಡು ಲೋಟ ನೀರು ಕುಡಿದು, ಆಮೇಲೆ ಮನಸಾರೆ ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಕೇಳಿದಳು, “ನಮ್ಮವ್ವ ಯಾವಾಗ ಬರ್ತಾಳ?”

ಊರವರು ನಮ್ಮನ್ನು ಏನೂ ಕೇಳಲಿಲ್ಲ. ಪಕ್ಕದ ಮನೆಯವರು ಮರುದಿನ ಒಂದು ಸಣ್ಣ ಅಳತೆಯ ಅಂಗಿಯನ್ನು ಬಾಗಿಲ ಬಳಿ ಇಟ್ಟುಹೋದರು. ಹಾಲೇಶನ ತೀರಿಕೊಂಡ ತಮ್ಮನ ಮಗಳೆಂದು ಶಾಲೆಗೆ ಬರೆಸಿದೆವು. ಆಚೆ ದಂಡೆಯಲ್ಲಿ ದಾಕ್ಷಿ, ಮಗು ಹೊಳೆಪಾಲಾಯಿತೆಂದು ಹೇಳಿ ತಿಂಗಳುಗಟ್ಟಲೆ ವಿಚಾರಣೆಗೆ ಓಡಾಡಿದಳಂತೆ. ಫಕೀರಪ್ಪನನ್ನು ನಾನು ಮತ್ತೆ ನೋಡಲಿಲ್ಲ. ಅವನನ್ನು ಬೇರೆಡೆಗೆ ಹಾಕಿದರೆಂದು ಕೆಲವರು, ಕೆಲಸ ಬಿಟ್ಟನೆಂದು ಕೆಲವರು ಹೇಳುತ್ತಾರೆ. ಮುಂದಿನ ಮೇಳದಿಂದ ನಿಯಮ ಬದಲಾಯಿತು. ಯಾವ ವೇಷವನ್ನೂ ತೊಟ್ಟು ಬಾಗಿಲು ದಾಟುವಂತಿಲ್ಲ. ಬಟ್ಟೆಯನ್ನು ಮಡಿಸಿ, ಚಪ್ಪಟೆಯಾಗಿ, ಬಿಚ್ಚಿ ತೋರಿಸಿ ಒಯ್ಯಬೇಕು, ಒಳಗೆ ಹೋಗಿ ತೊಡಬೇಕು. ಜೊತೆಗೆ ಎಲ್ಲರ ಹೆಬ್ಬೆಟ್ಟು ನೋಡುತ್ತಾರೆ. ನೀಲಿಯ ಹೆಬ್ಬೆಟ್ಟು ಆಚೆಯ ದಫ್ತರದಲ್ಲಿದೆ. ಹಾಗಾಗಿ ತಂಗಿಯನ್ನು ತರುವ ದಾರಿ ಮುಚ್ಚಿತು, ಮಗಳನ್ನು ಒಯ್ದು ತೋರಿಸುವ ದಾರಿಯೂ ಮುಚ್ಚಿತು. ಆಟದೊಳಗೆ ಈಗಲೂ ನಡೆಯುತ್ತೇವೆ, ಊಟವಾಯಿತೇ ಎಂದು ಕೇಳುತ್ತೇವೆ.

ಅಜ್ಜಿ, ನಿಮ್ಮಿಂದ ನನಗೆ ಎರಡು ಆಗಬೇಕು. ನಿಮ್ಮ ಕಾಲದಲ್ಲೋ ನಿಮ್ಮ ಮಕ್ಕಳ ಕಾಲದಲ್ಲೋ ಯಾರಾದರೂ ಬಂದು, ಸ್ವಲ್ಪ ದಿನದ ಮಟ್ಟಿಗೆ ಒಂದು ದಾರಿಗೆ ಬಾಗಿಲು ಹಾಕುತ್ತೇವೆ ಎಂದರೆ, ಕಾರಣ ಎಷ್ಟೇ ಒಳ್ಳೆಯದಿದ್ದರೂ, ತೆಗೆಯುವ ದಿನ ಯಾವುದು ಎಂದು ಕೇಳಿ. ಉತ್ತರ ಬರುವವರೆಗೂ ಆ ದಾರಿಯಲ್ಲೇ ನಿಂತಿರಿ. ನಾವು ಕೇಳಲಿಲ್ಲ. ಕೆಮ್ಮಿಗೆ ಹೆದರಿದ್ದೆವು, ಮೂರು ತಿಂಗಳು ತಾನೆ ಎಂದುಕೊಂಡೆವು. ಇನ್ನೊಂದು, ನೀವು ಹೊಲಿಯುವುದನ್ನು ನೋಡಿ ಯಾರಾದರೂ, ಆಟದ ಗೊಂಬೆಯ ಬಟ್ಟೆಗೆ ಇಷ್ಟು ಕಷ್ಟವೇಕೆ ಎಂದು ನಕ್ಕರೆ, ನಗಲಿ ಬಿಡಿ. ಹೊಲಿಗೆ ಬಿಗಿಯಾಗಿರಲಿ. ಮಕ್ಕಳು ಪಕ್ಕದಲ್ಲಿ ಕೂತು ಸೂಜಿ ಕೇಳಿದರೆ ಕೊಡಿ.

ನಾನು ಪ್ರತಿ ಮೇಳಕ್ಕೂ ಹೋಗುತ್ತಿದ್ದೇನೆ, ಗುಡ್ಡವಿಲ್ಲದೆ, ಬರಿಯ ಬಟ್ಟೆಯಲ್ಲಿ. ವೇಷಕ್ಕೊಂದು ನಡುಪಟ್ಟಿ ಒಯ್ಯಲು ಬಿಡುತ್ತಾರೆ. ಆ ಪಟ್ಟಿಯನ್ನು ನೀಲಿಯ ಹಳೆಯ ಅಂಗಿ ಲಂಗಗಳ ತೇಪೆಗಳಿಂದ ಹೊಲಿಯುತ್ತೇನೆ. ಉದ್ದ ಅವಳ ಎತ್ತರದಷ್ಟು. ಅವಳನ್ನು ಗೋಡೆಗೆ ನಿಲ್ಲಿಸಿ ಅಳತೆ ತೆಗೆದು, ಒಂದು ಬೆರಳೂ ಹೆಚ್ಚು ಕಡಿಮೆಯಾಗದಂತೆ ಕತ್ತರಿಸುತ್ತೇನೆ. ಹಲಗೆಯ ಕೋಣೆಯಲ್ಲಿ ದಾಕ್ಷಿ ಅದನ್ನು ನನ್ನ ಸೊಂಟದಿಂದ ಬಿಚ್ಚಿ, ಒಂದು ತುದಿಯನ್ನು ಪಾದದ ಕೆಳಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ತನ್ನ ಮೈಯುದ್ದಕ್ಕೂ ಮೇಲಕ್ಕೆ ಎಳೆಯುತ್ತಾಳೆ. ಮೊದಲ ಸಲ ಅದು ಅವಳ ಎದೆಯವರೆಗೆ ಬಂತು. ಆಮೇಲೆ ಹೆಗಲು. ಆಮೇಲೆ ಕಿವಿ. ಹೋದ ಸಲ ಹಣೆ. ಅಲ್ಲಿ ಬೆರಳಿಟ್ಟು, ಆ ಎತ್ತರದಲ್ಲಿ ಗಾಳಿಯನ್ನು ಸ್ವಲ್ಪ ಹೊತ್ತು ಸವರುತ್ತಾಳೆ.

ಈ ಸಲದ ಪಟ್ಟಿಯನ್ನು ನೀಲಿಯೇ ಹೊಲಿದಿದ್ದಾಳೆ. ಈಗಷ್ಟೇ ಮುಗಿಸಿ, ಇಸ್ತ್ರಿ ಹಾಕಿ, ಮೇಜಿನ ಮೇಲೆ ಇಟ್ಟುಹೋದಳು. ದಾಕ್ಷಿಯ ಎತ್ತರ ನನಗೆ ಗೊತ್ತು, ಅಳೆದು ನೋಡಿದೆ. ಅವಳ ನೆತ್ತಿಯನ್ನು ದಾಟಿ ಎರಡು ಬೆರಳು ಮೇಲಕ್ಕೆ ಹೋಗುತ್ತದೆ. ನಾಳೆಗೆ ಉರಿಮಾಸ ಮುಗಿಯುತ್ತದೆ, ನಾಡಿದ್ದು ಮೇಳ. ಅದನ್ನು ಹಿಡಿಯಲು ಅವಳು ಕೈಯನ್ನು ತಲೆಯ ಮೇಲಕ್ಕೆ ಎತ್ತಬೇಕಾಗುತ್ತದೆ.

ನಿಮ್ಮ,
ಕೊಟ್ರಮ್ಮ